ಸೊನೋಮಾದಲ್ಲಿ ಎರಡು ದಿನ: ಮೊದಲು ವೈನ್, ಮರುದಿನ ಬೆಳಿಗ್ಗೆ ಕ್ಯಾಸಿನೊ

ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನಿಂದ, ಹೊರಡುವವರ ಯೋಜನೆ ಸಾಮಾನ್ಯವಾಗಿ ಹೀಗಿರುತ್ತದೆ: ಶನಿವಾರ ಬೆಳಿಗ್ಗೆ ಹೊರಟು ಉತ್ತರದ ದ್ರಾಕ್ಷಿನಾಡು ಸೊನೋಮಾದಲ್ಲಿ ನಾಲ್ಕು ವೈನರಿ (ವೈನ್ ತಯಾರಿಸಿ ರುಚಿ ತೋರಿಸುವ ತಾಣ), ಸಂಜೆ ಅಲ್ಲಿನ ರೋನರ್ಟ್ ಪಾರ್ಕ್ ಊರಿನ ಕ್ಯಾಸಿನೊ, ನಡುರಾತ್ರಿ ಹೆದ್ದಾರಿ 101ರಲ್ಲಿ ವಾಪಸ್. ಹೀಗೆ ಮಾಡಿದರೆ ಮೂರೂ ಕೆಡುತ್ತವೆ. ನಾಲ್ಕನೆಯ ವೈನರಿಯ ಹೊತ್ತಿಗೆ ನಾಲಿಗೆಗೆ ಏನೂ ತಿಳಿಯುವುದಿಲ್ಲ. ಜೂಜಿನ ಮೇಜಿನ ಮುಂದೆ ಕೂತಾಗ ಲೆಕ್ಕ ತಪ್ಪುತ್ತದೆ. ಇನ್ನು ಆ ಸ್ಥಿತಿಯಲ್ಲಿ ಸ್ಟಿಯರಿಂಗ್ ಹಿಡಿಯುವ ಮಾತೇ ಬೇಡ. ಅದರ ಬದಲು ವಾರದ ನಡುವೆ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ವೈನ್ ಮಾತ್ರ, ರಾತ್ರಿ ಅಲ್ಲೇ ವಾಸ್ತವ್ಯ, ಮರುದಿನ ಬೆಳಿಗ್ಗೆ ತಿಂಡಿ ಮುಗಿಸಿ ಕ್ಯಾಸಿನೊ. ವೈನರಿಗಳು ಹೆಚ್ಚಾಗಿ ಹತ್ತು ಹನ್ನೊಂದಕ್ಕೆ ತೆರೆದು ಸಂಜೆ ನಾಲ್ಕೈದಕ್ಕೆ ಮುಚ್ಚುತ್ತವೆ. ಕ್ಯಾಸಿನೊ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ. ಕಾಯಬಲ್ಲದ್ದು ಕಾಯಲಿ.

ದ್ರಾಕ್ಷಿ ತೋಟದ ಪಕ್ಕದಲ್ಲೇ ಕ್ಯಾಸಿನೊ ಇರುವುದಕ್ಕೆ ಕಾರಣವಿದೆ. ಕ್ಯಾಲಿಫೋರ್ನಿಯಾದಲ್ಲಿ ಸ್ಲಾಟ್ ಯಂತ್ರ (ಹಣ ಹಾಕಿ ಗುಂಡಿ ಒತ್ತಿ ಆಡುವ ಜೂಜಿನ ಯಂತ್ರ) ಇಡುವ ಹಕ್ಕು ಇರುವುದು ಮೂಲನಿವಾಸಿ ಬುಡಕಟ್ಟುಗಳಿಗೆ, ಅದೂ ಅವರ ನೆಲದಲ್ಲಿ ಮಾತ್ರ. 2000ದ ಮಾರ್ಚ್‌ನಲ್ಲಿ ಮತದಾರರು ಇದಕ್ಕೆಂದೇ ಮತಕ್ಕೆ ಹಾಕಿದ ಪ್ರೊಪೊಸಿಷನ್ 1ಎ ಎಂಬ ಪ್ರಸ್ತಾವವನ್ನು ಒಪ್ಪಿದ ಮೇಲೆ ಇದು ಗಟ್ಟಿಯಾಯಿತು. ಗೈಸರ್‌ವಿಲ್‌ನ ರಿವರ್ ರಾಕ್ ಕ್ಯಾಸಿನೊ ಡ್ರೈ ಕ್ರೀಕ್ ರಾಂಚೆರಿಯಾದ (ರಾಂಚೆರಿಯಾ ಎಂದರೆ ಬುಡಕಟ್ಟಿನ ಚಿಕ್ಕ ಮೀಸಲು ನೆಲ) ಪೋಮೋ ಜನರದು, 2002ರಲ್ಲಿ ಆರಂಭವಾಯಿತು. ಹೆಸರಿನಲ್ಲಿ ಡ್ರೈ ಕ್ರೀಕ್ ಇದ್ದರೂ ಅದು ನಿಂತಿರುವುದು ಅಲೆಕ್ಸಾಂಡರ್ ಕಣಿವೆಯ ಮೇಲಿನ ಗುಡ್ಡದಲ್ಲಿ. ಹೆಸರು ನಂಬಿ ಪಕ್ಕದ ಕಣಿವೆಗೆ ಹೋಗಬೇಡಿ, ಹೆದ್ದಾರಿ 128 ಹಿಡಿಯಿರಿ. ರೋನರ್ಟ್ ಪಾರ್ಕ್‌ನ ಗ್ರೇಟನ್ ಕ್ಯಾಸಿನೊ, ಕೋಸ್ಟ್ ಮಿವಾಕ್ ಮತ್ತು ದಕ್ಷಿಣ ಪೋಮೋ ಜನರದು. ಸರ್ಕಾರ ಹಿಂದೆ ಕಿತ್ತುಕೊಂಡಿದ್ದ ಬುಡಕಟ್ಟಿನ ಮಾನ್ಯತೆಯನ್ನು ಅವರು ಮರಳಿ ಪಡೆದದ್ದು 2000ದ ಡಿಸೆಂಬರಿನಲ್ಲಿ. ಕ್ಯಾಸಿನೊ ತೆರೆದದ್ದು 2013ರ ನವೆಂಬರಿನಲ್ಲಿ, 200 ಕೋಣೆಗಳ ಹೋಟೆಲ್ ಸೇರಿದ್ದು 2016ರಲ್ಲಿ. ಇದು 101ರ ಪಕ್ಕದಲ್ಲೇ, ಗಾಲ್ಫ್ ಕೋರ್ಸ್ ಡ್ರೈವ್ ನಿರ್ಗಮನದ ಹತ್ತಿರ. ರಾತ್ರಿ ಇಲ್ಲಿ ತಂಗಿದರೆ ಬೆಳಿಗ್ಗೆ ಲಿಫ್ಟ್ ಇಳಿದರೆ ಸಾಕು.

ವೈನಿನ ದಿನಕ್ಕೆ ಎರಡು ವೈನರಿ ಸರಿ, ಮೂರು ಹೆಚ್ಚೆಂದರೆ. ಒಂದೊಂದಕ್ಕೂ ತೊಂಬತ್ತು ನಿಮಿಷ, ನಡುವೆ ಊಟಕ್ಕೆ ಒಂದು ಗಂಟೆ. ಮೊದಲೇ ಕಾಯ್ದಿರಿಸಿ. ರುಚಿ ನೋಡುವ ಶುಲ್ಕ ತಲೆಗೆ ಇಷ್ಟು ಎಂದಿರುತ್ತದೆ, ಕೆಲವೆಡೆ ಇಂತಿಷ್ಟು ಬಾಟಲಿ ಕೊಂಡರೆ ಅದನ್ನು ಬಿಡುತ್ತಾರೆ. ಎಷ್ಟು ಬಾಟಲಿಗೆ ಎಂದು ಕಾಯ್ದಿರಿಸುವಾಗಲೇ ಕೇಳಿಕೊಳ್ಳಿ, ಕೊನೆಗೆ ಲೆಕ್ಕದ ಹೊತ್ತಿಗೆ ಮುಜುಗರ ಬೇಡ.

ಹೋಗುವ ದಾರಿಯೇ ಒಂದು ಪಾಠ. ರಷ್ಯನ್ ರಿವರ್ ಕಣಿವೆಗೆ ಸಮುದ್ರದ ಮಂಜು ನುಗ್ಗುತ್ತದೆ, ರಾತ್ರಿ ತಂಪು. ಹಣ್ಣು ನಿಧಾನವಾಗಿ ಮಾಗಿ ಹುಳಿ ಉಳಿಸಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ಹಗುರ ಕೆಂಪು ವೈನಿನ ದ್ರಾಕ್ಷಿ ಪಿನೋ ನ್ವಾರ್ ಮತ್ತು ಬಿಳಿ ವೈನಿನ ಶಾರ್ಡೊನೆ. ಇನ್ನಷ್ಟು ಉತ್ತರಕ್ಕೆ ಹೀಲ್ಡ್ಸ್‌ಬರ್ಗ್ ದಾಟಿ ಡ್ರೈ ಕ್ರೀಕ್ ಕಣಿವೆಗೆ ಬಂದರೆ ಬಿಸಿಲು ಹೆಚ್ಚು, ಅದು ಜಿನ್‌ಫಂಡೆಲ್ ಎಂಬ ಕೆಂಪು ವೈನಿನ ದ್ರಾಕ್ಷಿಯ ನಾಡು. ಈ ದ್ರಾಕ್ಷಿಯ ಒಂದೇ ಗೊಂಚಲಿನಲ್ಲಿ ಒಣದ್ರಾಕ್ಷಿಯಂತೆ ಸುಕ್ಕಿದ ಹಣ್ಣೂ ಇನ್ನೂ ಹಸಿರು ಬಿಡದ ಹಣ್ಣೂ ಒಟ್ಟಿಗೆ ಇರುತ್ತವೆ. ಹಸಿರು ಹಣ್ಣು ಮಾಗಲೆಂದು ಕಾದರೆ ಸಕ್ಕರೆ ಏರುತ್ತದೆ, ಹಾಗಾಗಿ ಮದ್ಯಾಂಶ ಶೇ. 15ರ ಆಸುಪಾಸಿಗೆ ಹೋಗುತ್ತದೆ. ಅಲೆಕ್ಸಾಂಡರ್ ಕಣಿವೆಯದು ಗಟ್ಟಿ ಕೆಂಪು ವೈನಿನ ದ್ರಾಕ್ಷಿ ಕ್ಯಾಬರ್ನೆ. ಬೆಳಿಗ್ಗೆ ಪಿನೋ, ಮಧ್ಯಾಹ್ನ ಜಿನ್‌ಫಂಡೆಲ್ ಅಥವಾ ಕ್ಯಾಬರ್ನೆ ಎಂದು ಹೋಗಿ. ತಿರುಗಿಸಿದರೆ ಗಟ್ಟಿ ಒಗರಿನ ವೈನ್ ಕುಡಿದ ಬಾಯಿಗೆ ಪಿನೋ ನೀರಿನಂತೆ ಅನಿಸುತ್ತದೆ.

ಈಗ ಮದ್ಯದ ಲೆಕ್ಕ. ರುಚಿ ನೋಡಲು ಲೋಟಕ್ಕೆ ಒಂದೊಂದು ಸಲ ಸುರಿಯುವುದು ಸುಮಾರು 45 ಮಿಲಿಲೀಟರ್ ಎಂದುಕೊಳ್ಳಿ. ಒಂದು ವೈನರಿಯಲ್ಲಿ ಐದು ವೈನ್ ಎಂದರೆ 225 ಮಿ.ಲೀ. ಶೇ. 14.5ರ ವೈನಾದರೆ ಅದರಲ್ಲಿ ಸುಮಾರು 26 ಗ್ರಾಂ ಶುದ್ಧ ಮದ್ಯ. ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ. ಅಂದರೆ ಒಂದು ವೈನರಿಗೆ ಹತ್ತಿರಹತ್ತಿರ ಎರಡು ಡ್ರಿಂಕ್, ಮೂರು ವೈನರಿಗೆ ಐದೂವರೆ. ದೇಹ ಕರಗಿಸುವುದು ಗಂಟೆಗೆ ಸುಮಾರು ಒಂದನ್ನು. ಓಡಿಸುವವರ ರಕ್ತದಲ್ಲಿನ ಮದ್ಯಕ್ಕೆ ಕಾನೂನಿನ ಮಿತಿ ಶೇ. 0.08. ಅದಕ್ಕಿಂತ ಕಡಿಮೆ ಇದ್ದರೂ ಓಡಿಸುವ ರೀತಿ ನೋಡಿ ಹಿಡಿಯಬಹುದು. ವೀಸಾದಲ್ಲಿರುವವರು ಇನ್ನೊಂದು ಮಾತು ನೆನಪಿಡಬೇಕು: ಕುಡಿದು ಓಡಿಸಿದ್ದಕ್ಕೆ ಬಂಧನವಾದರೆ, ಶಿಕ್ಷೆಯಾಗುವ ಮೊದಲೇ, ವೀಸಾ ರದ್ದಾಗಬಹುದು. ಒಬ್ಬರು ಕುಡಿಯದೆ ಓಡಿಸಲಿ, ಇಲ್ಲವೆ ದಿನಕ್ಕೆ ಚಾಲಕನನ್ನು ಗೊತ್ತುಮಾಡಿ. ವೆಸ್ಟ್ ಡ್ರೈ ಕ್ರೀಕ್ ರಸ್ತೆ ಕಿರಿದು, ಸೈಕಲ್ ಸವಾರರು ಬಹಳ. ಅಲ್ಲಿ ನಿಂತು ಫೋನಿನಲ್ಲಿ ಟ್ಯಾಕ್ಸಿ ಕರೆದರೆ ತಕ್ಷಣ ಬರುತ್ತದೆಂದು ನಂಬಿಕೊಳ್ಳಬೇಡಿ.

ಉಗುಳುವುದು ಅಸಭ್ಯವಲ್ಲ, ಅದು ಕಸುಬಿನವರ ಪದ್ಧತಿ. ಪಾತ್ರೆ ಮೇಜಿನ ಮೇಲೇ ಇರುತ್ತದೆ. ಮೊದಲು ಮೂಸಿ, ಲೋಟ ತಿರುಗಿಸಿ ಮತ್ತೆ ಮೂಸಿ, ಒಂದು ಗುಟುಕು ಬಾಯಿತುಂಬ ಆಡಿಸಿ, ಉಗುಳಿ. ಹಿಡಿಸಿದ ಒಂದೋ ಎರಡೋ ವೈನನ್ನು ಮಾತ್ರ ನುಂಗಿ. ಅಂದು ಅತ್ತರು ಬೇಡ, ಮುಡಿಗೆ ಮಲ್ಲಿಗೆಯೂ ಬೇಡ. ಮಲ್ಲಿಗೆಯ ಪರಿಮಳದ ಎದುರು ಪಿನೋದ ಮೆಲುವಾಸನೆ ನಿಲ್ಲುವುದಿಲ್ಲ, ಪಕ್ಕದವರಿಗೂ ತೊಂದರೆ. ಟೇಸ್ಟಿಂಗ್‌ಗೆ ಸ್ವಲ್ಪ ಮೊದಲು ಫಿಲ್ಟರ್ ಕಾಫಿ ಕುಡಿದರೆ ಅದರ ಕಹಿ ನಾಲಿಗೆಯ ಮೇಲೆ ಕೂತುಬಿಡುತ್ತದೆ, ಒಂದು ಗಂಟೆ ಬಿಡಿ. ಹೊಟ್ಟೆ ಮಾತ್ರ ಖಾಲಿ ಇರಬಾರದು. ಖಾರವಿಲ್ಲದ ಉಪ್ಪಿಟ್ಟೋ ಮೊಸರನ್ನವೋ ಹೋಗುವ ಮೊದಲು ಒಳ್ಳೆಯದು. ಮೆಣಸಿನಕಾಯಿ ಬಿದ್ದ ಬಾಯಿಗೆ ಶೇ. 15ರ ವೈನ್ ಬರೀ ಉರಿಯಾಗುತ್ತದೆ.

ಸಸ್ಯಾಹಾರಿಗಳು ಎರಡು ವಿಷಯ ಕೇಳಲೇಬೇಕು. ವೈನನ್ನು ತಿಳಿಯಾಗಿಸಲು ಮೊಟ್ಟೆಯ ಬಿಳಿ, ಮೀನಿನ ಗಾಳಿಚೀಲದಿಂದ ತೆಗೆದ ಅಂಟು, ಜೆಲಾಟಿನ್ ಅಥವಾ ಹಾಲಿನ ಕೇಸೀನ್ ಬಳಸುವುದುಂಟು. ಬೆಂಟೊನೈಟ್ ಜೇಡಿಮಣ್ಣು ಬಳಸಿದ್ದೋ, ಏನೂ ಬಳಸದೆ ಬಾಟಲಿಗೆ ತುಂಬಿದ್ದೋ ಎಂದು ಕೇಳಿದರೆ ಒಳ್ಳೆಯ ವೈನರಿಯವರು ನೇರವಾಗಿ ಹೇಳುತ್ತಾರೆ. ಜೊತೆಗೆ ಬರುವ ಚೀಸ್ ತಟ್ಟೆಯಲ್ಲಿ ಕರುವಿನ ಹೊಟ್ಟೆಯ ರೆನೆಟ್ (ಹಾಲನ್ನು ಹೆಪ್ಪುಗಟ್ಟಿಸುವ ವಸ್ತು) ಬಳಸಿದ ಚೀಸ್ ಇರಬಹುದು. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸ್ ಯಾವಾಗಲೂ ಹಾಗೆಯೇ.

ಕೊಂಡ ಬಾಟಲಿಗಳನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗುವುದೇ ಹೆಚ್ಚು ಜನ ಮಾಡುವ ತಪ್ಪು. ಆಗಸ್ಟ್ ಸೆಪ್ಟೆಂಬರಿನ ಬಿಸಿಲಲ್ಲಿ ಮುಚ್ಚಿದ ಕಾರು ಒಲೆಯಾಗುತ್ತದೆ. ವೈನ್ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ಸಂದಿಯಿಂದ ಜಿನುಗುತ್ತದೆ, ಹಣ್ಣಿನ ರುಚಿ ಹೋಗಿ ಬೇಯಿಸಿದ ಜ್ಯಾಮಿನಂತಾಗುತ್ತದೆ. ಥರ್ಮೊಕೋಲ್ ಪೆಟ್ಟಿಗೆ, ಎರಡು ಐಸ್ ಪ್ಯಾಕ್ ಒಯ್ಯಿರಿ, ಎಸಿ ತಾಗುವ ಹಿಂದಿನ ಸೀಟಿನ ಕೆಳಗಿಡಿ, ರಾತ್ರಿ ಕೋಣೆಗೆ ತನ್ನಿ. ತೆರೆದ ಬಾಟಲಿಗೆ ಮತ್ತೆ ಬಿರಡೆ ಹಾಕಿದ್ದರೂ ಅದು ಡಿಕ್ಕಿಯಲ್ಲೇ ಇರಬೇಕು, ಕಾನೂನು ಹಾಗಿದೆ. ಊರಿಗೆ ಒಯ್ಯುವುದಾದರೆ ಭಾರತದ ಕಸ್ಟಮ್ಸ್‌ನ ಸುಂಕವಿಲ್ಲದ ಮಿತಿ ತಲೆಗೆ 2 ಲೀಟರ್. 750 ಮಿ.ಲೀ.ನ ಎರಡು ಬಾಟಲಿ ಸಲೀಸು, ಮೂರನೆಯದು ಮಿತಿ ದಾಟುತ್ತದೆ.

ಮರುದಿನ ಬೆಳಿಗ್ಗೆ ಎಂಟು ಒಂಬತ್ತಕ್ಕೆ ಕ್ಯಾಸಿನೊಗೆ ಇಳಿಯಿರಿ. ಆಗ ಜನ ಕಡಿಮೆ, ಹೊಗೆ ಕಡಿಮೆ, ಮೇಜಿನ ಕನಿಷ್ಠ ಪಣವೂ ಸಾಮಾನ್ಯವಾಗಿ ಶನಿವಾರ ರಾತ್ರಿಗಿಂತ ಕಡಿಮೆ. ವೇಗಸ್‌ನ ಹಾಗೆ ಇಲ್ಲಿ ಆಡುವವರಿಗೆ ಪುಕ್ಕಟೆ ಮದ್ಯ ಕೊಡುವುದಿಲ್ಲ, ಕುಡಿದದ್ದಕ್ಕೆ ಹಣ ಕೊಡಬೇಕು. ಅದು ಒಳ್ಳೆಯದೇ.

ಬ್ಲ್ಯಾಕ್‌ಜಾಕ್ (21 ದಾಟದೆ, ಕಾರ್ಡ್ ಹಂಚುವ ಡೀಲರಿಗಿಂತ ಹೆಚ್ಚು ಮೊತ್ತ ತರುವ ಆಟ) ಆಡುವುದಾದರೆ ಕೂರುವ ಮೊದಲು ಮೇಜಿನ ಬಟ್ಟೆಯ ಮೇಲೆ ಬರೆದದ್ದನ್ನು ಓದಿ: ಬ್ಲ್ಯಾಕ್‌ಜಾಕ್ ಬಂದರೆ, ಅಂದರೆ ಮೊದಲ ಎರಡೇ ಕಾರ್ಡಿಗೆ 21 ಆದರೆ, 3:2 (2 ಡಾಲರಿಗೆ 3) ಕೊಡುತ್ತಾರೋ, 6:5 (5ಕ್ಕೆ 6) ಎನ್ನುತ್ತಾರೋ? 25 ಡಾಲರ್ ಪಣಕ್ಕೆ ಮೊದಲನೆಯದು 37.50 ಕೊಡುತ್ತದೆ, ಎರಡನೆಯದು 30. ಬ್ಲ್ಯಾಕ್‌ಜಾಕ್ ಬರುವುದು ಸುಮಾರು 21 ಆಟಕ್ಕೊಮ್ಮೆ. ಗಂಟೆಗೆ 60 ಆಟ ನಡೆದರೆ 6:5ರ ಆ ಒಂದು ನಿಯಮದಿಂದಲೇ ಗಂಟೆಗೆ ಸುಮಾರು 21 ಡಾಲರ್ ಹೋಗುತ್ತದೆ. 3:2ರ ಮೇಜಿನಲ್ಲಿ, ಉಳಿದ ನಿಯಮಗಳೂ ಚೆನ್ನಾಗಿದ್ದು, ಯಾವ ಕಾರ್ಡಿಗೆ ಏನು ಮಾಡಬೇಕೆಂದು ಹೇಳುವ ಮೂಲ ತಂತ್ರದ ಪಟ್ಟಿ ನೋಡಿ ತಪ್ಪದೆ ಆಡಿದರೆ ಕ್ಯಾಸಿನೊದ ಮೇಲುಗೈ ಪಣದ ಶೇ. 0.5ರ ಸುತ್ತ. ಅಂದರೆ ಗಂಟೆಗೆ ಸರಾಸರಿ ಏಳೆಂಟು ಡಾಲರ್ ನಷ್ಟ. ಇನ್ಶೂರೆನ್ಸ್ (ಡೀಲರಿಗೆ ಬ್ಲ್ಯಾಕ್‌ಜಾಕ್ ಬರುತ್ತದೆಂದು ಕಟ್ಟುವ ಪಣ) ತೆಗೆದುಕೊಳ್ಳಬೇಡಿ, ಪಕ್ಕದ ವೃತ್ತಗಳಲ್ಲಿ ಸೈಡ್ ಬೆಟ್ ಎಂಬ ಹೆಚ್ಚುವರಿ ಪಣ ಹಾಕಬೇಡಿ.

ಲೆಕ್ಕ ಬೇಡ ಎನ್ನುವವರಿಗೆ ಬಾಕರಾ ಸುಲಭ: ಬ್ಯಾಂಕರ್, ಪ್ಲೇಯರ್ ಎಂಬ ಎರಡು ಕೈಗಳಲ್ಲಿ ಯಾವುದು ಗೆಲ್ಲುತ್ತದೆ, ಇಲ್ಲವೆ ಸಮ (ಟೈ) ಆಗುತ್ತದೆ ಎಂದು ಪಣ ಕಟ್ಟುವ ಕಾರ್ಡಿನಾಟ. ಬ್ಯಾಂಕರ್ ಮೇಲೆ ಶೇ. 1.06, ಪ್ಲೇಯರ್ ಮೇಲೆ ಶೇ. 1.24 ಕ್ಯಾಸಿನೊದ ಪಾಲು. ಟೈ ಮೇಲೆ ಶೇ. 14ಕ್ಕೂ ಹೆಚ್ಚು, ಅದರ ಕಡೆ ನೋಡಲೇಬೇಡಿ. ಸಂಖ್ಯೆಗಳ ಮೇಲೆ ಪಣ ಕಟ್ಟುವ ರೂಲೆಟ್‌ನಲ್ಲಿ, ಎರಡು ಸೊನ್ನೆ ಇದ್ದರೆ, ಶೇ. 5.26. ಸ್ಲಾಟ್ ಅಗ್ಗವೆಂದು ಅನಿಸುತ್ತದೆ, ಆದರೆ ಒಂದು ಡಾಲರಿನಂತೆ ಗಂಟೆಗೆ 600 ಸಲ ಒತ್ತಿ ಯಂತ್ರ ಶೇ. 8 ಉಳಿಸಿಕೊಂಡರೆ 48 ಡಾಲರ್ ಆಯಿತು. 25 ಡಾಲರಿನ ಬ್ಲ್ಯಾಕ್‌ಜಾಕ್‌ಗಿಂತ ಅದು ಎಷ್ಟೋ ದುಬಾರಿ.

ಮೇಜಿನಲ್ಲಿ ಹಣವನ್ನು ಡೀಲರ್ ಕೈಗೆ ಕೊಡಬಾರದು, ಬಟ್ಟೆಯ ಮೇಲೆ ಇಡಬೇಕು. ಕಾರ್ಡ್ ಹಂಚಿದ ಮೇಲೆ ಪಣದ ಚಿಪ್ಸ್ (ಹಣದ ಬದಲು ಬಳಸುವ ಬಿಲ್ಲೆ) ಮುಟ್ಟಬಾರದು. ಆಡುವ ಹಣವನ್ನು ನಗದಾಗಿ ಮನೆಯಿಂದಲೇ ತನ್ನಿ, ಅದು ಮುಗಿದರೆ ಆಟ ಮುಗಿಯಿತು. ಬ್ಯಾಂಕ್ ಕಾರ್ಡುಗಳನ್ನು ಕೋಣೆಯಲ್ಲೇ ಬಿಟ್ಟು ಇಳಿಯಿರಿ. ಒಳಗಿನ ಎಟಿಎಂ ಶುಲ್ಕ ಹೆಚ್ಚು, ಅದರ ಮುಂದೆ ನಿಂತವರು ಸೋತದ್ದನ್ನು ಬೆನ್ನಟ್ಟುತ್ತಿರುತ್ತಾರೆ.

ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೆ ಒಂದು ಮುಖ್ಯ ವಿಷಯ. ಸ್ಲಾಟ್‌ನಲ್ಲಿ ದೊಡ್ಡ ಜಾಕ್‌ಪಾಟ್ ಬಂದರೆ ಯಂತ್ರ ನಿಂತುಬಿಡುತ್ತದೆ, ಸಿಬ್ಬಂದಿ ಬಂದು ಗುರುತಿನ ಚೀಟಿ ಕೇಳಿ ತೆರಿಗೆಯ ಕಾಗದ ತುಂಬಿಸುತ್ತಾರೆ. ಈ ಮಿತಿ ಬಹುಕಾಲ 1,200 ಡಾಲರ್ ಇತ್ತು, 2026ರಿಂದ 2,000. ಪ್ರವಾಸಿ ವೀಸಾದಲ್ಲಿ ಬಂದ, ತೆರಿಗೆಯ ದೃಷ್ಟಿಯಲ್ಲಿ ಅಮೆರಿಕದ ನಿವಾಸಿಯಲ್ಲದವರಿಗೆ ಅದರಲ್ಲಿ ಶೇ. 30 ಅಲ್ಲೇ ಕಡಿತವಾಗುತ್ತದೆ, ಭಾರತದ ಜೊತೆಗಿನ ಒಪ್ಪಂದದಲ್ಲಿ ವಿನಾಯಿತಿ ಇಲ್ಲ. ಬ್ಲ್ಯಾಕ್‌ಜಾಕ್, ಬಾಕರಾ, ರೂಲೆಟ್‌ನ ಗೆಲುವಿಗೆ ಈ ಕಡಿತವಿಲ್ಲ. ಅಮ್ಮ ಗುಂಡಿ ಒತ್ತಿದ್ದರೆ ಗೆದ್ದವರು ಅಮ್ಮನೇ. ಹಣ ಹಾಕಿದ್ದು ನಾನು ಎಂದು ಮಗ ಸಹಿ ಮಾಡಲು ಬರುವುದಿಲ್ಲ. ಹಾಗಾಗಿ ಅವರ ಮೂಲ ಪಾಸ್‌ಪೋರ್ಟ್ ಜೊತೆಯಲ್ಲಿರಲಿ, ಜೆರಾಕ್ಸ್ ನಡೆಯುವುದಿಲ್ಲ. ವೈನಿಗೂ ಜೂಜಿಗೂ 21 ವರ್ಷ ತುಂಬಿರಬೇಕು.

ಹನ್ನೊಂದರ ಹೊತ್ತಿಗೆ ಎದ್ದು ಚಿಪ್ಸ್ ನಗದು ಮಾಡಿಸಿ, ಬಾಟಲಿಗಳಿಗೆ ಹೊಸ ಐಸ್ ಹಾಕಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. ಗೋಲ್ಡನ್ ಗೇಟ್ ಸೇತುವೆಯಲ್ಲಿ ದಕ್ಷಿಣಕ್ಕೆ ಬರುವಾಗ ಮಾತ್ರ ಟೋಲ್ ಇದೆ, ನಗದು ತೆಗೆದುಕೊಳ್ಳುವುದಿಲ್ಲ. ಬಾಡಿಗೆ ಕಾರಾದರೆ ಟೋಲ್ ಯಾರ ಲೆಕ್ಕಕ್ಕೆ, ಎಷ್ಟು ಹೆಚ್ಚುವರಿ ಎಂದು ಕಾರು ಪಡೆಯುವಾಗಲೇ ಕೇಳಿಡಿ.