ಹಳದಿ ಬಿಟ್ಟು ಎಲೆ ನೋಡು

ಜುಲೈ ಕೊನೆಗೆ ಅಮೆರಿಕದ ಇಲಿನಾಯ್‌ನ ಪ್ರೇರಿ ಹುಲ್ಲುಗಾವಲಿಗೆ ಹೋದರೆ ಎಲ್ಲಿ ನೋಡಿದರೂ ಹಳದಿ. ಯಾವುದು ಯಾವ ಹೂವು ಅಂತ ಹೇಳೋದೇ ಕಷ್ಟ. ಊರಿಂದ ಬಂದಿದ್ದ ಅಮ್ಮನನ್ನು ಶಿಕಾಗೊ ಹತ್ತಿರದ ಲೈಲ್ ಊರಿನ ಮಾರ್ಟನ್ ಅರ್ಬೊರೇಟಮ್ ಅನ್ನೋ ಸಸ್ಯೋದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಶೂಲೆನ್‌ಬರ್ಗ್ ಪ್ರೇರಿ ತಾನಾಗಿ ಉಳಿದದ್ದಲ್ಲ. ಹಳೇ ಹೊಲದಲ್ಲಿ 1962ರಿಂದ ಸ್ಥಳೀಯ ಗಿಡಗಳನ್ನೇ ನೆಟ್ಟು ಬೆಳೆಸಿದ್ದು.

"ಎಲ್ಲಾ ಹುಚ್ಚೆಳ್ಳಿನ ಹೂವಿನ ಥರಾನೇ ಇದೆಯಲ್ಲೋ" ಅಂದಳು ಅಮ್ಮ. ಸರಿಯಾಗೇ ಹೇಳಿದಳು. ಹುಚ್ಚೆಳ್ಳು, ಸೂರ್ಯಕಾಂತಿ, ಸೇವಂತಿಗೆ, ನಡುವೆ ದಿಬ್ಬದ ಹಾಗೆ ಉಬ್ಬಿರೋ ಇಲ್ಲಿನ ಕೋನ್‌ಫ್ಲವರ್ ಎಲ್ಲ ಒಂದೇ ಕುಟುಂಬ. ಇವುಗಳಲ್ಲಿ ನಾವು ಒಂದು ಹೂವು ಅನ್ನೋದು ಪುಟ್ಟ ಪುಟ್ಟ ಹೂಗಳ ಗುಂಪು. ಎಸಳು ಅಂತ ಕಾಣೋದೂ ಒಂದೊಂದು ಹೂವೇ.

ನಾನು ಮೊಬೈಲ್ ಹಿಡಿದು ಹೂವಿನ ಫೋಟೊ ತೆಗೆಯುತ್ತಿದ್ದೆ. ಅಮ್ಮ ಬಗ್ಗಿ ಎಲೆ ಸವರುತ್ತಿದ್ದಳು. ಕಳೆ ಕಿತ್ತು ಅಭ್ಯಾಸ ಇರೋ ಕೈ. ಹೂ ಬಿಡೋ ತನಕ ಕಾದರೆ ಕಳೆ ಬೀಜ ಉದುರಿಸಿಬಿಡುತ್ತೆ, ಅಲ್ವಾ? ಅದಕ್ಕೇ ಗಿಡವನ್ನು ಎಲೆಯಲ್ಲೇ ಗುರುತು ಹಿಡಿಯಬೇಕು.

ಎದೆಮಟ್ಟ ಬೆಳೆದಿದ್ದ ಒಂದು ಗಿಡ. ತೆಳ್ಳನೆ ಕಾಂಡ, ಸೀಳುಸೀಳಾದ ಒರಟು ಎಲೆ, ನೆಲದ ಕಡೆ ಜೋತುಬಿದ್ದ ಉದ್ದ ಎಸಳು. ನಡುವಿನ ದಿಬ್ಬ ಮೇಲೆ ಬೂದು ಬಣ್ಣ, ಕೆಳಗೆ ಕಂದು. ಪುಟ್ಟ ಹೂಗಳು ಬುಡದಿಂದ ಮೇಲಕ್ಕೆ ಅರಳುತ್ತಾ ಹೋಗೋದರಿಂದ ಹೀಗೆ. ಇದು ಗ್ರೇ-ಹೆಡೆಡ್ ಕೋನ್‌ಫ್ಲವರ್, ರಾಟಿಬಿಡಾ ಪಿನ್ನಾಟಾ. ಆ ದಿಬ್ಬವನ್ನು ಬೆರಳಲ್ಲಿ ಮೆಲ್ಲಗೆ ಉಜ್ಜಿ ಮೂಸು ಅಂದೆ. ಕೀಳೋ ಹಾಗಿಲ್ಲ. "ಅಯ್ಯೋ, ಸೋಂಪು ಕಣೋ!" ಅಂತ ನಕ್ಕಳು. ಫೋಟೊದಲ್ಲಿ ಎಲ್ಲಿ ಸಿಗುತ್ತೆ ಈ ಗುರುತು?

ಇನ್ನೊಂದು ಹಳದಿ ಹೂವು, ಬ್ಲ್ಯಾಕ್-ಐಡ್ ಸೂಸನ್, ಗಿಡ್ಡ. ಎಲೆಗೆ ಸೀಳಿಲ್ಲ, ಎಲೆ ಕಾಂಡದ ತುಂಬ ಒರಟು ರೋಮ. ನಡುವೆ ಕಡು ಕಂದು, ಎಸಳು ಜೋತುಬೀಳದೆ ಸುತ್ತ ಹರಡಿರುತ್ತವೆ. ತೊರೆಯ ಕಡೆ ತೇವದ ಜಾಗದಲ್ಲಿ ಇನ್ನೊಂದು ಸಿಕ್ಕಿತು. ಆಳೆತ್ತರ ದಾಟಿತ್ತು. ಎಲೆ ಆಳವಾಗಿ ಸೀಳಿತ್ತು, ಎಸಳೂ ಜೋತಿತ್ತು. ಮೊದಲನೇದೇ ಇರಬೇಕು ಅನಿಸುವ ಹಾಗಿತ್ತು. ಅಮ್ಮ ಕಾಂಡ ಮುಟ್ಟಿ, "ಇದು ನುಣ್ಣಗಿದೆ, ಅದಲ್ಲ" ಅಂದಳು. ನಡುವಿನ ಗುಂಡೂ ಹಸಿರು-ಹಳದಿ. ಅದು ರುಡ್‌ಬೆಕಿಯಾ ಲಾಸಿನಿಯಾಟಾ, ಕಟ್‌ಲೀಫ್ ಕೋನ್‌ಫ್ಲವರ್.

ಎಖಿನೇಶಿಯಾ ಅನ್ನೋದೂ ಕೋನ್‌ಫ್ಲವರೇ, ಸಾಮಾನ್ಯವಾಗಿ ನೇರಳೆ-ಗುಲಾಬಿ ಬಣ್ಣ. ಅದರಲ್ಲಿ ಪೂರ್ತಿ ಹಳದಿ ಇಲ್ವಾ ಅಂತ ಗೆಳೆಯರು ಕೇಳುತ್ತಾರೆ. ಇದೆ. ಎಖಿನೇಶಿಯಾ ಪ್ಯಾರಡಾಕ್ಸಾ ಅಂತ. ಎಲೆ ಉದ್ದ, ಕಿರಿದು. ನಡುವಿನ ದಿಬ್ಬ ಮುಟ್ಟಿದರೆ ಮುಳ್ಳುಮುಳ್ಳು. ಆದರೆ ಅದರ ತವರು ಮಿಸೌರಿ, ಅರ್ಕನ್ಸಾ ಕಡೆಯ ಓಝಾರ್ಕ್ ಬೆಟ್ಟಗಳು. ಶಿಕಾಗೊ ಸುತ್ತಮುತ್ತ ಕಂಡರೆ ಯಾರೋ ತಂದು ನೆಟ್ಟದ್ದೇ.