ಬ್ಯೂನಸ್ ಐರಿಸ್‌ನಲ್ಲಿ ಟ್ಯಾಂಗೋ ಶೋ: ಊಟ ಸೇರಿಸಿ ಬುಕ್ ಮಾಡಬೇಕಾ?

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಟ್ಯಾಂಗೋ ಅನ್ನುವ ಜೋಡಿ ಕುಣಿತದ ಶೋಗೆ ಊಟ ಸೇರಿಸಿಯೂ ಬುಕ್ ಮಾಡಬಹುದು, ಬರೀ ಶೋಗೂ ಮಾಡಬಹುದು. ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ದನದ ಮಾಂಸ ತಿನ್ನುವವರಾದರೆ ಊಟ ಸೇರಿಸಿಯೇ ಬುಕ್ ಮಾಡಿ. ಇಲ್ಲದಿದ್ದರೆ ಹೊರಗೆ ಊಟ ಮುಗಿಸಿ, ಬರೀ ಶೋಗೆ ಹೋಗಿ. ಉಳಿದ ದುಡ್ಡಲ್ಲಿ ಮುಂದಿನ ಸೀಟು ತಗೊಳ್ಳಿ.

ನಾನು ಮತ್ತು ನನ್ನ ಹೆಂಡತಿ ಹೋಗಿದ್ದು ಸಾನ್ ತೆಲ್ಮೋ ಬಡಾವಣೆಯ ಎಲ್ ವಿಯೆಹೋ ಅಲ್ಮಾಸೆನ್ ಅನ್ನುವ ಟ್ಯಾಂಗೋ ಶೋ ಜಾಗಕ್ಕೆ. ಬಾಲ್ಕಾರ್ಸೆ ಮತ್ತು ಇಂಡಿಪೆಂಡೆನ್ಸಿಯಾ ರಸ್ತೆಗಳು ಸೇರುವ ಮೂಲೆಯಲ್ಲಿದೆ. ಎಡ್ಮುಂಡೋ ರಿವೇರೋ ಅಂತ ಹೆಸರಾಂತ ಟ್ಯಾಂಗೋ ಗಾಯಕ, 1969ರಲ್ಲಿ ಶುರು ಮಾಡಿದ ಜಾಗ. ಇಲ್ಲಿ ಊಟದ ಕಟ್ಟಡ ರಸ್ತೆಯ ಒಂದು ಬದಿ, ಶೋ ನಡೆಯುವ ಹಳೇ ಮನೆ ಎದುರು ಬದಿ. ಉಂಡು, ಕೈ ತೊಳೆದು, ರಸ್ತೆ ದಾಟಬೇಕು. ಮೊದಲು ಇದೇನಪ್ಪಾ ಅನ್ನಿಸಿತು. ಆದರೆ ಹಾಡು ನಡೆಯುವಾಗ ತಟ್ಟೆ, ಚಮಚದ ಸದ್ದಿಲ್ಲ, ಕಣ್ಣಿಗೆ ಅಡ್ಡವಾಗಿ ವೇಟರ್ ಓಡಾಡುವುದಿಲ್ಲ. ಎಲ್ಲಾ ಕಡೆ ಹೀಗಿರಲ್ಲ, ಹೆಚ್ಚಿನ ಕಡೆ ಊಟದ ಮೇಜಿನಲ್ಲೇ ಕೂತು ಶೋ ನೋಡಬೇಕು.

ಊಟದ ವಿಷಯಕ್ಕೆ ಬರೋಣ. ಇಂಥ ಕಡೆ ಊಟ ಮೂರು ಸುತ್ತು, ಜೊತೆಗೆ ಮಾಲ್ಬೆಕ್ ವೈನ್. ಮೊದಲು ಎಂಪನಾಡ, ಅಂದರೆ ಒಳಗೆ ಖೀಮಾ ತುಂಬಿದ ಕರಿಗಡುಬಿನಂಥದ್ದು. ಏನೂ ಹೇಳದಿದ್ದರೆ ಬರುವುದು ದನದ ಖೀಮಾದ್ದೇ. ಆಮೇಲೆ ಬೀಫೆ ದೆ ಚೊರೀಸೊ. ಹೆಸರು ಕೇಳಿ ಹಂದಿಮಾಂಸದ ಸಾಸೇಜ್ ಅಂದುಕೊಳ್ಳಬೇಡಿ, ಅದು ದನದ ಮಾಂಸದ ದಪ್ಪ ತುಂಡು. ಕೊನೆಗೆ ದುಲ್ಸೆ ದೆ ಲೆಚೆ ಹಾಕಿದ ಫ್ಲಾನ್, ಅಂದರೆ ಕಸ್ಟರ್ಡ್ ಪುಡಿಂಗ್. ದುಲ್ಸೆ ದೆ ಲೆಚೆ ಅಂದರೆ ಹಾಲು, ಸಕ್ಕರೆ ಕುದಿಸಿ ಕುದಿಸಿ ಕಂದು ಬಣ್ಣಕ್ಕೆ ತಂದಿರುತ್ತಾರೆ, ನಮ್ಮವರಿಗೆ ಖಂಡಿತ ಹಿಡಿಸುತ್ತೆ. ಆದರೆ ಫ್ಲಾನ್‌ಗೆ ಮೊಟ್ಟೆ ಹಾಕುತ್ತಾರೆ, ತಿನ್ನದವರು ನೆನಪಿಡಿ.

ಸಸ್ಯಾಹಾರಿಗಳಿಗೆ ಸಿಗುವುದು ಹೆಚ್ಚಾಗಿ ರವಿಯೋಲಿ ಅಥವಾ ಆಲೂಗಡ್ಡೆಯ ನ್ಯೋಕಿ. ಉಪವಾಸವಂತೂ ಬೀಳಲ್ಲ. ಆದರೆ ಸ್ಟೇಕ್ ತಿನ್ನುವವರು ಕೊಡುವಷ್ಟೇ ದುಡ್ಡು ಕೊಟ್ಟು ಒಂದು ತಟ್ಟೆ ಪಾಸ್ತಾ ತಿನ್ನುವುದು ಲಾಭದ ಮಾತಲ್ಲ, ಅಲ್ವಾ? ಇನ್ನೊಂದು ವಿಷಯ: ‘ಸಿನ್ ಕಾರ್ನೆ’ (ಮಾಂಸ ಬೇಡ) ಅಂತ ಹೇಳಿದರೆ ಸಾಲದು. ದನದ ಮಾಂಸ ಬಿಟ್ಟು ಕೋಳಿನೋ ಹ್ಯಾಮೋ ಹಾಕಿ ತಂದುಬಿಡಬಹುದು. ‘ಸಿನ್ ಕಾರ್ನೆ, ಸಿನ್ ಪೊಯ್ಯೋ, ಸಿನ್ ಹಮೋನ್, ಸಿನ್ ಪೆಸ್ಕಾದೊ’, ಅಂದರೆ ಮಾಂಸ, ಕೋಳಿ, ಹ್ಯಾಮ್, ಮೀನು ಯಾವುದೂ ಬೇಡ ಅಂತ ಪೂರ್ತಿ ಹೇಳಿ. ಅಲ್ಲಿ ಹೋಗಿ ಹೇಳುವುದಕ್ಕಿಂತ ಬುಕ್ ಮಾಡುವಾಗಲೇ ಬರೆದು ಕಳಿಸುವುದು ಒಳ್ಳೆಯದು. ಹೊರಗೆ ತಿನ್ನುವುದಾದರೆ ಪ್ರೊವೊಲೆತಾ ಹುಡುಕಿ. ಕೆಂಡದ ಮೇಲೆ ಸುಟ್ಟ ದಪ್ಪ ಚೀಸ್ ಅದು. ಬಿಸಿಯಿದ್ದಾಗಲೇ ತಿನ್ನಬೇಕು, ಆರಿದರೆ ರಬ್ಬರ್.

ಈಗ ಶೋ. ನೋಡುವವರ ಕಣ್ಣೆಲ್ಲಾ ನರ್ತಕರ ಕಾಲಿನ ಮೇಲೆಯೇ ಇರುತ್ತೆ, ಇರಲಿ. ಆದರೆ ವಾದ್ಯದವರನ್ನು ಬಿಟ್ಟುಬಿಡಬೇಡಿ. ಎರಡು ಬಂದೋನಿಯೋನ್, ಎರಡು ಪಿಟೀಲು, ಒಂದು ಪಿಯಾನೋ, ಒಂದು ಡಬಲ್ ಬಾಸ್ ಸೇರಿದರೆ ಹಳೇ ಕಾಲದ ಸೆಕ್ಸ್‌ಟೆಟ್, ಅಂದರೆ ಆರು ವಾದ್ಯಗಳ ತಂಡ. ಬಂದೋನಿಯೋನ್ ಜರ್ಮನಿಯಿಂದ ಬಂದ ವಾದ್ಯ. ನಮ್ಮ ಹಾರ್ಮೋನಿಯಂ ಥರಾನೇ ಗಾಳಿಯಿಂದ ನುಡಿಯುತ್ತೆ, ಆದರೆ ಮಣೆಗಳ ಬದಲು ಎರಡೂ ಬದಿ ಗುಂಡಿಗಳು. ನುಡಿಸುವಾತ ತೊಡೆಯ ಮೇಲೆ ಒಂದು ಬಟ್ಟೆ ಹಾಸಿಕೊಂಡು, ವಾದ್ಯವನ್ನು ಮಂಡಿಯ ಮೇಲೆ ಬಗ್ಗಿಸಿ ಎಳೆಯುತ್ತಾನೆ. ಹತ್ತಿರ ಕೂತರೆ ಸ್ವರದ ಜೊತೆ ತಿದಿ ಉಸಿರಾಡುವ ಸದ್ದೂ ಕೇಳುತ್ತೆ. ಮುಂದಿನ ಸೀಟು ತಗೊಳ್ಳಿ ಅಂದಿದ್ದು ಇದಕ್ಕೇ. ದೊಡ್ಡ ಸಭಾಂಗಣದ ಹಿಂದಿನ ಸಾಲಿನಲ್ಲಿ ಸ್ಪೀಕರ್ ಸದ್ದೇ ಗತಿ.

ನರ್ತನದ ನಡುವೆ ಗಾಯಕರು ಬಂದು ಹಾಡುತ್ತಾರೆ. ಗೌಚೋಗಳ, ಅಂದರೆ ದನಗಾಹಿಗಳ ಮಲಾಂಬೋ ಕುಣಿತವೂ ಇಂಥ ಶೋಗಳಲ್ಲಿ ಇರುವುದುಂಟು. ಹಗ್ಗಕ್ಕೆ ಕಟ್ಟಿದ ಗುಂಡುಗಳನ್ನು ತಿರುಗಿಸಿ ನೆಲಕ್ಕೆ ಟಕಟಕ ಬಡಿಯುತ್ತಾರೆ. ಅದು ಟ್ಯಾಂಗೋ ಅಲ್ಲ, ಆದರೂ ಚಪ್ಪಾಳೆ ಅದಕ್ಕೇ ಜಾಸ್ತಿ. ‘ಲಾ ಕುಂಪರ್ಸೀತಾ’ ಅನ್ನುವ ಹೆಸರಾಂತ ಟ್ಯಾಂಗೋ ಶುರುವಾದರೆ ಮುಗಿಯುತ್ತಾ ಬಂತು ಅಂತ ಲೆಕ್ಕ.

ಮುಗಿಯುವಷ್ಟರಲ್ಲಿ ಮಧ್ಯರಾತ್ರಿ ಹತ್ತಿರ. ಊಟ ರಾತ್ರಿ 8ರ ಮೇಲೆ, ಶೋ ಸುಮಾರು 10ಕ್ಕೆ. ಆ ಊರಿಗೆ ಅದು ತಡವೇ ಅಲ್ಲ. ಮಧ್ಯಾಹ್ನ ಒಂದು ನಿದ್ದೆ ತೆಗೆದುಬಿಡಿ, ವಿಮಾನ ಇಳಿದ ದಿನವಂತೂ ಈ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ವಾಪಸ್ ಬರಲು ಮೆಟ್ರೋ ನಂಬಬೇಡಿ, ಟ್ಯಾಕ್ಸಿ ಅಥವಾ ಆ್ಯಪ್ ಕಾರು ಸಾಕು. ಟಿಕೆಟ್ ಜೊತೆ ವ್ಯಾನ್ ಸೇರಿಸಿಕೊಂಡರೆ ದಾರಿಯಲ್ಲಿ ಬೇರೆ ಹೋಟೆಲುಗಳವರನ್ನೂ ಹತ್ತಿಸಿಕೊಳ್ಳುತ್ತಾರೆ. ಒಬ್ಬೊಬ್ಬರೇ ಹೋಗುವವರಿಗೆ ಅದು ಅನುಕೂಲ, ಇಬ್ಬರಿದ್ದರೆ ಸುಮ್ನೆ ಕಾಯುವ ಕೆಲಸ.

ಬೆಲೆಯನ್ನು ಆಯಾ ಜಾಗದ ಸ್ವಂತ ವೆಬ್‌ಸೈಟಿನಲ್ಲೂ ಏಜೆಂಟರ ಹತ್ತಿರವೂ ನೋಡಿ ಹೋಲಿಸಿ. ಖರ್ಚು ಕಡಿಮೆ ಇರಬೇಕು ಅಂದರೆ 1858ರಷ್ಟು ಹಳೆಯ ಕೆಫೆ ತೊರ್ತೋನಿ ಇದೆ. ಅಲ್ಲಿ ನೆಲಮಾಳಿಗೆಯಲ್ಲಿ ಸಣ್ಣ ಶೋ ನಡೆಯುತ್ತೆ, ಊಟದ ತಂಟೆಯಿಲ್ಲ.

ಇನ್ನೊಂದು ರಾತ್ರಿ ಬಿಡುವಿದ್ದರೆ ಮಿಲೋಂಗಾಗೆ ಹೋಗಿ, ಅಂದರೆ ಊರಿನವರೇ ಕುಣಿಯಲು ಸೇರುವ ಜಾಗ. ಪಲೆರ್ಮೋ ಬಡಾವಣೆಯ ಲಾ ವಿರೂತಾದಲ್ಲಿ ಮೊದಲು ಪಾಠವೂ ಇರುತ್ತೆ. ಅಲ್ಲಿ ಸ್ಟೇಜ್ ಮೇಲಿನ ಹಾಗೆ ಕಾಲೆತ್ತಿ ಯಾರೂ ಕುಣಿಯುವುದಿಲ್ಲ. ಕುಣಿಯಲು ಕರೆಯುವುದೂ ಕಣ್ಣಲ್ಲೇ. ಹಾಗಾಗಿ ಬರೀ ನೋಡಲು ಹೋದವರು ಎದುರು ಮೇಜಿನವರ ಕಡೆ ಜಾಸ್ತಿ ಹೊತ್ತು ದಿಟ್ಟಿಸಬೇಡಿ, ಎದ್ದು ಬಂದುಬಿಟ್ಟಾರು.