ಟಿಕೆಟ್ ಟು ರೈಡ್: ಮೊದಲ ಸರದಿಯ ಲಾಭ ಇರುವುದು ಕೊನೆಯಲ್ಲಿ

ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಯಲ್ಲಿ ಟಿಕೆಟ್ ಟು ರೈಡ್ ಎಂಬ ಬೋರ್ಡ್ ಆಟವನ್ನು (ಅಮೆರಿಕದ ನಕ್ಷೆಯ ಮೇಲೆ, ಬಣ್ಣದ ಕಾರ್ಡು ತೆತ್ತು ಪುಟ್ಟ ಬೋಗಿಗಳನ್ನಿಟ್ಟು ಊರುಗಳ ನಡುವಿನ ರೈಲು ಮಾರ್ಗಗಳನ್ನು ಹಿಡಿಯುವ ಆಟ) ಹಾಸಿದಾಗಲೆಲ್ಲ ಮೊದಲ ಸರದಿ ಯಾರದೆಂಬ ಚರ್ಚೆ ಏಳುತ್ತದೆ. ಪ್ರಯಾಣದ ಅನುಭವ ಹೆಚ್ಚಿರುವವರೇ ಆಟ ಆರಂಭಿಸಬೇಕೆಂಬ ನಿಯಮವಿರುವುದರಿಂದ, ಗದಗದಿಂದ ದಿನವೂ ರೈಲಿನಲ್ಲಿ ಓಡಾಡುವ ಗೆಳೆಯನಿಗೇ ಆ ಹಕ್ಕು ಸಲ್ಲುತ್ತದೆ.

ಆರಂಭದಲ್ಲಿ ಇದರಿಂದಾಗುವ ಅನುಕೂಲ ಸಣ್ಣದು. ಕೈಯಲ್ಲಿರುವ ನಾಲ್ಕು ಕಾರ್ಡುಗಳಲ್ಲೇ ನ್ಯಾಶ್‌ವಿಲ್–ಅಟ್ಲಾಂಟಾದಂಥ ಒಂದೇ ಬೋಗಿಯ ಮಾರ್ಗವನ್ನು ಹಿಡಿಯಬಹುದಾದರೂ, ನಮ್ಮ ಟಿಕೆಟ್, ಅಂದರೆ ನಾವು ಜೋಡಿಸಬೇಕಾದ ಎರಡು ಊರುಗಳ ಗುಟ್ಟಿನ ಚೀಟಿ, ಯಾವ ದಿಕ್ಕಿನದೆಂಬ ಸುಳಿವನ್ನು ಅದು ಎಲ್ಲರಿಗೂ ಕೊಟ್ಟುಬಿಡುತ್ತದೆ. ಇಬ್ಬರು ಅಥವಾ ಮೂವರು ಆಡುವಾಗ ಮಾತ್ರ, ಎರಡು ಊರುಗಳ ನಡುವೆ ಅಕ್ಕಪಕ್ಕ ಇರುವ ಜೋಡಿ ಮಾರ್ಗದಲ್ಲಿ ಒಂದನ್ನು ಹಿಡಿದೊಡನೆ ಇನ್ನೊಂದು ಮುಚ್ಚಿಹೋಗುವುದರಿಂದ, ಮುಂಚೆ ಆಡುವವರಿಗೆ ತುಸು ಹೆಚ್ಚಿನ ಬಲ ಬರುತ್ತದೆ.

ನಿಜವಾದ ಲೆಕ್ಕಾಚಾರ ಇರುವುದು ಮುಕ್ತಾಯದ ನಿಯಮದಲ್ಲಿ. 45 ಬೋಗಿಗಳಲ್ಲಿ ಯಾರ ಬಳಿ ಎರಡು ಅಥವಾ ಅದಕ್ಕಿಂತ ಕಡಿಮೆ ಉಳಿಯುತ್ತವೆಯೋ, ಅವರೂ ಸೇರಿದಂತೆ ಎಲ್ಲರಿಗೂ ಇನ್ನೊಂದೊಂದು ಸರದಿ ಸಿಗುತ್ತದೆ. ಮೇಲ್ನೋಟಕ್ಕೆ ಇದು ಸಮಪಾಲು. ಆದರೆ ನಾಲ್ವರ ಆಟದಲ್ಲಿ ಎಂಟು ಬೋಗಿ ಉಳಿಸಿಕೊಂಡಿದ್ದ ಮೊದಲ ಆಟಗಾರ ಆರು ಬೋಗಿಯ ಮಾರ್ಗವೊಂದನ್ನು ಹಾಸಿದ ಎಂದಿಟ್ಟುಕೊಳ್ಳೋಣ: ಉಳಿದ ಮೂವರು ಅದೇ ಸುತ್ತಿನ ತಮ್ಮ ಸರದಿಯನ್ನಷ್ಟೇ ಆಡಿ ಮುಗಿಸುತ್ತಾರೆ, ಅವನು ಮಾತ್ರ ಮುಂದಿನ ಸುತ್ತಿನ ಸರದಿಯನ್ನೂ ಆಡುತ್ತಾನೆ. ಎರಡನೆಯವನು ಮುಗಿಸಿದರೆ ಹೆಚ್ಚಿನ ಸರದಿ ಮೊದಲಿನ ಇಬ್ಬರಿಗೆ. ನಾಲ್ಕನೆಯವನು ಮುಗಿಸಿದರೆ ಎಲ್ಲರದೂ ಸಮ. ಅಂದರೆ ಮೊದಲ ಆಟಗಾರನಿಗೆ ಇತರರಿಗಿಂತ ಕಡಿಮೆ ಸರದಿ ಎಂದೂ ಸಿಗುವುದಿಲ್ಲ, ಕೊನೆಯವನಿಗೆ ಇತರರಿಗಿಂತ ಹೆಚ್ಚು ಎಂದೂ ಸಿಗುವುದಿಲ್ಲ.

ಆ ಒಂದು ಸರದಿಯ ಬೆಲೆ ಕಡಿಮೆಯದಲ್ಲ. ಆರು ಬೋಗಿಯ ಮಾರ್ಗಕ್ಕೆ 15 ಅಂಕ. ಸಿಯಾಟಲ್–ನ್ಯೂಯಾರ್ಕ್ ಟಿಕೆಟ್ ಪೂರ್ಣಗೊಂಡರೆ 22 ಅಂಕ ಬರುತ್ತದೆ, ಅಪೂರ್ಣವಾಗಿ ಉಳಿದರೆ ಅಷ್ಟೇ ಅಂಕ ಕಳೆಯುತ್ತದೆ. ಒಂದೇ ತುಂಡು ಮಾರ್ಗ ಬಾಕಿಯಿದ್ದವನಿಗೆ ವ್ಯತ್ಯಾಸ 44. ಆದ್ದರಿಂದ ಕೊನೆಯಲ್ಲಿ ಆಡುವವರು ತಮ್ಮ ಟಿಕೆಟ್‌ಗಳಷ್ಟೇ ಗಮನವಿಟ್ಟು ಮೊದಲ ಆಟಗಾರನ ಬೋಗಿಗಳನ್ನು ಎಣಿಸುತ್ತಿರಬೇಕು, ಅವು ಎಂಟಕ್ಕಿಳಿದ ಮೇಲೆ ಕಾರ್ಡು ಕೂಡಿಹಾಕುವುದನ್ನು ಬಿಟ್ಟು ಬಾಕಿ ಮಾರ್ಗ ಹಾಸಬೇಕು; ಸಾಧ್ಯವಾದರೆ ಆಟವನ್ನು ತಾವೇ ಮುಗಿಸಬೇಕು.

ಮಾರ್ಟಿನ್ ವ್ಯಾಲೇಸ್ 2002ರಲ್ಲಿ ರೂಪಿಸಿದ ಏಜ್ ಆಫ್ ಸ್ಟೀಮ್ ಎಂಬ ಇನ್ನೊಂದು ರೈಲು ಆಟದಲ್ಲಿ ಸರದಿಯನ್ನೇ ಹರಾಜಿನಲ್ಲಿ ಕೊಳ್ಳಬೇಕು: ಮೊದಲಿಬ್ಬರು ಕೂಗಿದಷ್ಟೂ ಹಣ ತೆರುತ್ತಾರೆ, ಕೊನೆಯವರು ಏನನ್ನೂ ತೆರುವುದಿಲ್ಲ. ಅದು ಹೆಚ್ಚು ನ್ಯಾಯವೆಂದು ನನಗನ್ನಿಸಿದರೂ, ಅಲನ್ ಮೂನ್ ಅವರ 2004ರ ಈ ಸರಳ ಆಟಕ್ಕೆ ಅಷ್ಟು ಭಾರ ಹೊರಿಸುವುದು ಬೇಡ. ಪ್ರಯಾಣದ ಅನುಭವವನ್ನು ಬದಿಗಿಟ್ಟು, ಮೊದಲ ಆಟಗಾರನನ್ನು ಚೀಟಿ ಎತ್ತಿ ಆರಿಸಿದರೆ ಸಾಕು.